ಮೊನೊರೈಲಿಗೆ ಬೇಕಿರುವುದು ಹೊಸ ಬಣ್ಣವಲ್ಲ

ಅಮೆರಿಕದ ಫ್ಲೋರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 12 ಮೊನೊರೈಲುಗಳು ಓಡುತ್ತವೆ. ಬಣ್ಣಗಳೇ ಅವುಗಳ ಹೆಸರು: ಕೆಂಪು, ಹವಳ, ಕಿತ್ತಳೆ, ಚಿನ್ನ, ಹಳದಿ, ನಿಂಬೆ, ಹಸಿರು, ಟೀಲ್, ನೀಲಿ, ಬೆಳ್ಳಿ, ಕಪ್ಪು, ಪೀಚ್. ಬಿಳಿ ಮೈಯ ಉದ್ದಕ್ಕೂ ಎಳೆದ ಒಂದು ಪಟ್ಟಿಯ ಬಣ್ಣ ನೋಡಿ ಯಾವ ರೈಲು ಯಾವುದೆಂದು ಗುರುತಿಸಬೇಕು. ಈ ಉದ್ಯಾನವನ್ನು ಮನಸಾರೆ ಪ್ರೀತಿಸುವ ಅಭಿಮಾನಿಗಳ ಒಂದು ದೊಡ್ಡ ಬಳಗವಿದೆ. ಯಾವ ಬಣ್ಣದ ರೈಲು ದುರಸ್ತಿಗೆ ಹೋಗಿದೆ, ಯಾವುದು ಹೊಸ ಆಸನ ಹೊತ್ತು ಮರಳಿದೆ, ಯಾವುದರ ಹೊರಮೈಗೆ ಸಿನಿಮಾ ಜಾಹೀರಾತು ಅಂಟಿಸಿದ್ದಾರೆ ಎಂಬುದನ್ನೆಲ್ಲ ಅವರು ಬಿಡದೆ ಗಮನಿಸುತ್ತಾರೆ. ಆಸನದ ಹೊದಿಕೆ ಬದಲಾದರೆ ಚರ್ಚೆ, ನೆಲಹಾಸು ಬದಲಾದರೆ ಚರ್ಚೆ, ಬಾಗಿಲು ಮುಚ್ಚುವ ಮುನ್ನ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಕೇಳಿಬರುವ ಸೂಚನೆಯ ದನಿ ಬದಲಾದೀತೆಂಬ ಸುದ್ದಿ ಹಬ್ಬಿದರಂತೂ ದೊಡ್ಡ ಚರ್ಚೆ. ಹೊರಗಿನವರಿಗೆ ಇದು ಆಟಿಕೆ ರೈಲಿನ ಬಗೆಗಿನ ಅತಿಯಾದ ಕಾಳಜಿಯಂತೆ ಕಂಡೀತು. ನಿಜವಾಗಿ, ಸಾರ್ವಜನಿಕ ಸಾರಿಗೆಯ ಬಗ್ಗೆ ನಾವೆಲ್ಲರೂ ಕೇಳಬೇಕಾದ ಒಂದು ಪ್ರಶ್ನೆ ಈ ಚರ್ಚೆಯೊಳಗಿದೆ. ಹಳೆಯದಾದ ಒಂದು ಸಾರಿಗೆ ವ್ಯವಸ್ಥೆಯನ್ನು ನವೀಕರಿಸುವುದು ಎಂದರೆ ಏನನ್ನು ಬದಲಿಸಬೇಕು, ಯಾವಾಗ ಬದಲಿಸಬೇಕು? ನನ್ನ ಉತ್ತರ ಹೀಗಿದೆ: ಕಣ್ಣಿಗೆ ಕಾಣುವ ನವೀಕರಣಕ್ಕಿಂತ ಕಾಣದ ನವೀಕರಣ ಮೊದಲು ಆಗಬೇಕು, ರೈಲುಗಳು ಕೈಕೊಡುವ ಮುನ್ನವೇ ಅವುಗಳ ನಿವೃತ್ತಿಯ ದಿನ ನಿಗದಿಯಾಗಿರಬೇಕು.

ಈ ವಾಹನದ ಕಥೆ ಶುರುವಾಗುವುದು ಜರ್ಮನಿಯಲ್ಲಿ. ಸ್ವೀಡನ್ನಿನ ಉದ್ಯಮಿ ಆಕ್ಸೆಲ್ ಲೆನ್ನಾರ್ಟ್ ವೆನ್ನರ್-ಗ್ರೆನ್ ಹಣ ಹೂಡಿ ಕಲೋನ್ ನಗರದ ಹತ್ತಿರ ಒಂದು ಪ್ರಯೋಗ ಮಾರ್ಗ ಕಟ್ಟಿಸಿದ್ದರು. ಅವರ ಹೆಸರಿನ ಅಕ್ಷರಗಳಿಂದಲೇ ಆ ಕಂಪನಿಗೆ ‘ಆಲ್ವೆಗ್’ ಎಂಬ ಹೆಸರು ಬಂತು. 1958ರಲ್ಲಿ ಯುರೋಪಿಗೆ ಹೋಗಿದ್ದ ವಾಲ್ಟ್ ಡಿಸ್ನಿ ಅದನ್ನು ಕಂಡು ಮನಸೋತರು. ಮರುವರ್ಷ, 1959ರ ಜೂನ್ 14ರಂದು, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಮೊನೊರೈಲು ಓಡಿತು. ಬಾಬ್ ಗರ್ ವಿನ್ಯಾಸಗೊಳಿಸಿದ ಆ ರೈಲಿನ ಉದ್ಘಾಟನೆಗೆ ಆಗಿನ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಸಕುಟುಂಬ ಬಂದಿದ್ದರು. ಮಕ್ಕಳನ್ನು ನಲಿಸುವುದಷ್ಟೇ ಡಿಸ್ನಿಯವರ ಉದ್ದೇಶವಾಗಿರಲಿಲ್ಲ. ಕಾರುಗಳಿಂದ ಕಿಕ್ಕಿರಿಯುತ್ತಿದ್ದ ಅಮೆರಿಕದ ನಗರಗಳಿಗೆ ಇದೊಂದು ಪರಿಹಾರವಾದೀತೆಂದು ಅವರು ನಂಬಿದ್ದರು. 1966ರಲ್ಲಿ, ತೀರಿಕೊಳ್ಳುವ ಕೆಲವೇ ವಾರಗಳ ಮುಂಚೆ, ಫ್ಲೋರಿಡಾದಲ್ಲಿ ಕಟ್ಟಬೇಕೆಂದಿದ್ದ ಮಾದರಿ ನಗರವನ್ನು ಕ್ಯಾಮೆರಾದ ಮುಂದೆ ವಿವರಿಸಿದಾಗ ಅದರ ಸಾರಿಗೆಯ ಬೆನ್ನೆಲುಬಾಗಿ ತೋರಿಸಿದ್ದು ಮೊನೊರೈಲನ್ನೇ. ಆ ನಗರ ಕಟ್ಟಲ್ಪಡಲಿಲ್ಲ. ಮೊನೊರೈಲು ಮಾತ್ರ ಉಳಿಯಿತು.

1971ರ ಅಕ್ಟೋಬರ್ 1ರಂದು ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದಾಗ ಮೊನೊರೈಲು ಅದರ ಹೆದ್ದಾರಿಯಾಯಿತು. ಇಲ್ಲಿನ ಭೂಗೋಳ ತಿಳಿದರೆ ಅಭಿಮಾನಿಗಳ ಕಾಳಜಿಯೂ ಅರ್ಥವಾಗುತ್ತದೆ. ಕಾರು ನಿಲ್ಲಿಸುವ ಜಾಗದಿಂದ ಮ್ಯಾಜಿಕ್ ಕಿಂಗ್‌ಡಮ್ ಉದ್ಯಾನದ ಬಾಗಿಲು ಸುಮಾರು ಒಂದು ಮೈಲಿ ದೂರ. ನಡುವೆ ಸೆವೆನ್ ಸೀಸ್ ಲಗೂನ್ ಎಂಬ ಕೃತಕ ಸರೋವರ. ಅದನ್ನು ದಾಟಲು ದೋಣಿ ಹತ್ತಬೇಕು ಇಲ್ಲವೇ ಮೊನೊರೈಲು ಹತ್ತಬೇಕು. ಒಂದು ಮಾರ್ಗ ನೇರವಾಗಿ ಉದ್ಯಾನಕ್ಕೆ ಹೋದರೆ, ಇನ್ನೊಂದು ಸರೋವರದ ದಡದ ಹೋಟೆಲುಗಳನ್ನು ಸುತ್ತುತ್ತದೆ. 1982ರಲ್ಲಿ ಸೇರಿದ ಮೂರನೆಯ ಮಾರ್ಗ ಎಪ್ಕಾಟ್ ಉದ್ಯಾನಕ್ಕೆ ಹೋಗುತ್ತದೆ. ಒಟ್ಟು ಉದ್ದ 23 ಕಿಲೋಮೀಟರಿಗೂ ಹೆಚ್ಚು. ಕಾಂಟೆಂಪರರಿ ಹೋಟೆಲಿನಲ್ಲಂತೂ ರೈಲು ಕಟ್ಟಡದ ಒಡಲೊಳಗೇ ನುಗ್ಗಿ, ಊಟದ ಮೇಜುಗಳ ಮೇಲಿಂದ, ಕಲಾವಿದೆ ಮೇರಿ ಬ್ಲೇರ್ ರಚಿಸಿದ ಎತ್ತರದ ಚಿತ್ರಭಿತ್ತಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಹೀಗೆ ರೈಲನ್ನೇ ನಡುವಿಟ್ಟು ಕಟ್ಟಿದ ಹೋಟೆಲು ಜಗತ್ತಿನಲ್ಲಿ ಅಪರೂಪ. ಪ್ರಯಾಣಕ್ಕೆ ಟಿಕೆಟ್ಟಿಲ್ಲ. ದಿನಕ್ಕೆ ಸುಮಾರು ಒಂದೂವರೆ ಲಕ್ಷ ಜನ ಹತ್ತಿಳಿಯುತ್ತಾರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇಷ್ಟು ಜನರನ್ನು ಹೊರುವ ಮಾರ್ಗ ಎಷ್ಟೋ ನಗರಗಳಿಗೇ ಇಲ್ಲ. ಹಾಗಾಗಿ ಇದನ್ನು ಉದ್ಯಾನದ ಮತ್ತೊಂದು ಆಟವೆಂದು ಅಳೆಯುವುದು ತಪ್ಪು. ಸಾರಿಗೆ ವ್ಯವಸ್ಥೆಯ ಮಾನದಂಡದಿಂದಲೇ ಅಳೆಯಬೇಕು.

ಮೊನೊರೈಲು ಓಡುವ ಬಗೆಯನ್ನು ಹತ್ತಿರದಿಂದ ನೋಡೋಣ. ಇಲ್ಲಿ ಎರಡು ಕಬ್ಬಿಣದ ಹಳಿಗಳಿಲ್ಲ. ಕಂಬಗಳ ಮೇಲೆ ಕೂರಿಸಿದ, ಕೇವಲ 26 ಇಂಚು ಅಂದರೆ 66 ಸೆಂಟಿಮೀಟರ್ ಅಗಲದ ಕಾಂಕ್ರೀಟ್ ತೊಲೆಯೇ ದಾರಿ. ರೈಲು ಅದರ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುತ್ತದೆ. ಭಾರ ಹೊರುವ ರಬ್ಬರ್ ಟೈರುಗಳು ತೊಲೆಯ ನೆತ್ತಿಯ ಮೇಲೆ ಉರುಳುತ್ತವೆ. ಪಕ್ಕಗಳನ್ನು ಒತ್ತಿ ಹಿಡಿಯುವ ಇನ್ನಷ್ಟು ಟೈರುಗಳು ರೈಲು ವಾಲದಂತೆ ನೋಡಿಕೊಳ್ಳುತ್ತವೆ. ತೊಲೆಯ ಪಕ್ಕದಲ್ಲೇ ಸಾಗುವ ಲೋಹದ ಪಟ್ಟಿಗಳಿಂದ 600 ವೋಲ್ಟ್ ನೇರ ವಿದ್ಯುತ್ತು ಹರಿದು ಬರುತ್ತದೆ. ಈ ವಿನ್ಯಾಸಕ್ಕೆ ಜಾಗ ಕಡಿಮೆ ಸಾಕು, ಸದ್ದು ಕಡಿಮೆ, ಕೆಳಗಿನ ರಸ್ತೆಗೆ ಅಡ್ಡಿಯಿಲ್ಲ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮಾಮೂಲಿ ರೈಲಿನಲ್ಲಿ ಹಳಿಯ ಒಂದು ತುದಿಯನ್ನು ತುಸು ಸರಿಸಿದರೆ ದಾರಿ ಬದಲಾಗುತ್ತದೆ. ಇಲ್ಲಿ ಟನ್ನುಗಟ್ಟಲೆ ತೂಗುವ ತೊಲೆಯ ತುಂಡನ್ನೇ ಪಕ್ಕಕ್ಕೆ ಸರಿಸಬೇಕು. ರೈಲು ಮಧ್ಯದಲ್ಲಿ ಕೆಟ್ಟು ನಿಂತರೆ ಪ್ರಯಾಣಿಕರು ಇಳಿದು ನಡೆಯಲು ನೆಲವೇ ಇಲ್ಲ. ಎಳೆಯುವ ಟ್ರ್ಯಾಕ್ಟರ್ ಬರಬೇಕು, ಇಲ್ಲವೇ ಅಗ್ನಿಶಾಮಕದವರ ಏಣಿ ಬರಬೇಕು. ಹೀಗಾಗಿ ಮೊನೊರೈಲಿನಲ್ಲಿ ಸಣ್ಣ ದೋಷ ಎಂಬುದೇ ಇಲ್ಲ.

ಇದಕ್ಕೆ ಸಾಕ್ಷಿ ಇದೇ ಮಾರ್ಗದ ಇತಿಹಾಸದಲ್ಲಿದೆ. 1985ರ ಜೂನ್ 26ರಂದು ಎಪ್ಕಾಟ್‌ನಿಂದ ಹೊರಟ ರೈಲೊಂದರ ಹಿಂಬದಿಯ ಬೋಗಿಗೆ ಬೆಂಕಿ ಹತ್ತಿತು. ಗಾಳಿ ಹೋದ ಒಂದು ಟೈರು ಉರುಳದೆ ಕಾಂಕ್ರೀಟಿನ ಮೇಲೆ ಉಜ್ಜಿಕೊಂಡು ಹೋಗಿ, ಆ ಘರ್ಷಣೆಯ ಬಿಸಿಗೆ ಹೊತ್ತಿಕೊಂಡಿತ್ತು. ಒಳಗಿದ್ದವರು ಕಿಟಕಿ ಒದ್ದು ತೆಗೆದು, ನೆಲದಿಂದ ಅಷ್ಟೆತ್ತರದಲ್ಲಿ ರೈಲಿನ ಮಾಡಿನ ಮೇಲೆ ಹತ್ತಿ ಕೂರಬೇಕಾಯಿತು. ಅಗ್ನಿಶಾಮಕ ದಳ ಅವರನ್ನು ಇಳಿಸಿತು. ಹೊಗೆ ಕುಡಿದು ಅಸ್ವಸ್ಥರಾದ ಏಳು ಮಂದಿ ಆಸ್ಪತ್ರೆ ಸೇರಿದರು. ಬೆಂಕಿ ಪತ್ತೆ ಮಾಡುವ ಉಪಕರಣ, ತುರ್ತು ಬಾಗಿಲು, ಮಾಡಿಗೆ ಹತ್ತುವ ದಾರಿ ಇವೆಲ್ಲದರ ಬಗ್ಗೆ ಗಂಭೀರ ಯೋಚನೆ ನಡೆದದ್ದು ಆಮೇಲೆ. ಒಂದು ಟೈರಿನ ಗಾಳಿ ಇಡೀ ರೈಲಿನ ಸುರಕ್ಷೆಯನ್ನು ನಿರ್ಧರಿಸಿತ್ತು. ಆ ರೈಲಿನ ಹೊರಮೈ ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು ಎಂಬುದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಇನ್ನೂ ದಾರುಣವಾದದ್ದು 2009ರ ಅಪಘಾತ. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ; ರಾತ್ರಿಯ ಬಾಣಬಿರುಸು ಮುಗಿದು, ಜನ ಮನೆಗೆ ಮರಳಿ, ಗಡಿಯಾರ ಬೆಳಗಿನ ಜಾವ ಎರಡರ ಹತ್ತಿರ ಬಂದಿತ್ತು. ಗುಲಾಬಿ ಬಣ್ಣದ ರೈಲನ್ನು ಎಪ್ಕಾಟ್ ಮಾರ್ಗದಿಂದ ಪಕ್ಕದ ಮಾರ್ಗಕ್ಕೆ ದಾಟಿಸಬೇಕಿತ್ತು. ರೈಲು ಮುಂದೆ ಹೋಗಿ ನಿಂತು, ತೊಲೆ ಸರಿದ ಮೇಲೆ ಹಿಮ್ಮುಖವಾಗಿ ಪಕ್ಕದ ಮಾರ್ಗಕ್ಕೆ ಹೋಗಬೇಕು. ತೊಲೆ ಸರಿದಿರಲೇ ಇಲ್ಲ. ಸರಿದಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಹಿಂದೆ ಬರಲು ಅಪ್ಪಣೆ ಸಿಕ್ಕಿತು. ಅಪ್ಪಣೆ ಕೊಡುವ ಹೊಣೆ ಹೊತ್ತಿದ್ದವರು ಆ ಹೊತ್ತಿನಲ್ಲಿ ನಿಯಂತ್ರಣ ಕೊಠಡಿಯಲ್ಲಿರಲಿಲ್ಲ, ಬೇರೆಡೆಯಿಂದ ರೇಡಿಯೊ ಮೂಲಕ ನಿರ್ದೇಶನ ನೀಡುತ್ತಿದ್ದರು. ಮುಂದಿನ ಕ್ಯಾಬಿನ್‌ನಲ್ಲಿ ಕುಳಿತು ಹಿಮ್ಮುಖವಾಗಿ ಓಡಿಸುತ್ತಿದ್ದ ಚಾಲಕನಿಗೆ ಹಿಂದೆ ಏನಿದೆಯೆಂದು ಕಾಣುವಂತಿರಲಿಲ್ಲ. ಬಂದ ದಾರಿಯಲ್ಲೇ ಹಿಂದೆ ಹೋದ ರೈಲು ನಿಲ್ದಾಣದಲ್ಲಿ ನಿಂತಿದ್ದ ನೇರಳೆ ರೈಲಿಗೆ ಬಡಿಯಿತು. ಆ ರೈಲಿನ 21 ವರ್ಷದ ಚಾಲಕ ಅಲ್ಲೇ ಪ್ರಾಣ ಬಿಟ್ಟ. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2011ರ ವರದಿಯಲ್ಲಿ, ತೊಲೆ ಸರಿಸದ ಲೋಪ ಮತ್ತು ಅದನ್ನು ಪರಿಶೀಲಿಸದ ಲೋಪ ಎರಡನ್ನೂ ಹೆಸರಿಸಿ, ರೈಲನ್ನು ಹಿಮ್ಮುಖವಾಗಿ ಓಡಿಸಲು ನಿರ್ದಿಷ್ಟ ಕಾರ್ಯವಿಧಾನವೇ ಇಲ್ಲದಿದ್ದುದೂ ದುರಂತಕ್ಕೆ ಕಾರಣವಾಯಿತೆಂದು ಹೇಳಿತು. ರೈಲುಗಳು ಡಿಕ್ಕಿಯಾಗದಂತೆ ತಡೆಯುವ ಸ್ವಯಂಚಾಲಿತ ವ್ಯವಸ್ಥೆ ಈ ಮಾರ್ಗದಲ್ಲಿ ಆಗಲೇ ಇತ್ತು. ಹಿಮ್ಮುಖ ಚಲನೆಯಲ್ಲಿ ಅದನ್ನು ಬದಿಗಿಡುವುದು ವಾಡಿಕೆಯಾಗಿತ್ತು.

ಆ ದುರಂತದ ನಂತರ ಗುಲಾಬಿ ಮತ್ತು ನೇರಳೆ ಎಂಬ ಹೆಸರುಗಳೇ ಮರೆಯಾದವು. ಉಳಿದ ಬೋಗಿಗಳಿಂದ ಟೀಲ್ ಎಂಬ ಹೊಸ ಹೆಸರಿನ ರೈಲು ಸಿದ್ಧವಾಯಿತು, ಮುಂದೆ ಪೀಚ್ ಬಂತು. ದುರಂತಕ್ಕೂ ಮುಂಚೆ ಅದೃಷ್ಟವಿದ್ದ ಪ್ರಯಾಣಿಕರಿಗೆ ಚಾಲಕನ ಪಕ್ಕ, ಗುಮ್ಮಟದಂತಹ ಗಾಜಿನ ಮುಂದೆ ಕೂರುವ ಅವಕಾಶ ಸಿಗುತ್ತಿತ್ತು, ಅದೂ ನಿಂತುಹೋಯಿತು. ಮುಂದಿನ ವರ್ಷಗಳಲ್ಲಿ ರೈಲುಗಳಿಗೆ ಸ್ವಯಂಚಾಲಿತ ನಿಯಂತ್ರಣ ಬಂತು. ಇಡೀ ಮೊನೊರೈಲಿನ ಚರಿತ್ರೆಯಲ್ಲೇ ಅತ್ಯಂತ ಮುಖ್ಯವಾದ ನವೀಕರಣ ಇದು ಎಂದು ನಾನು ಭಾವಿಸುತ್ತೇನೆ. ಆದರೆ ಅದೇ ಕಾಲದಲ್ಲಿ ಹೆಚ್ಚು ಸುದ್ದಿಯಾದದ್ದು ಹೊರಮೈಯ ಅಲಂಕಾರ: 2010ರಲ್ಲಿ ‘ಟ್ರಾನ್’ ಸಿನಿಮಾದ ಪ್ರಚಾರಕ್ಕಾಗಿ, 2012ರಲ್ಲಿ ‘ಅವೆಂಜರ್ಸ್’ ಪ್ರಚಾರಕ್ಕಾಗಿ ರೈಲಿನ ಮೈಗೆಲ್ಲ ಸುತ್ತಿದ ಚಿತ್ರಗಳು. ಯಾವುದೇ ಸಂಸ್ಥೆಗೂ ಹಣ ಮತ್ತು ಗಮನ ಮಿತಿಯಲ್ಲಿರುತ್ತದೆ. ಕಣ್ಣಿಗೆ ಬೀಳುವ ಕೆಲಸಕ್ಕೆ ಚಪ್ಪಾಳೆ ಬೇಗ ಸಿಗುತ್ತದೆ. ಚಪ್ಪಾಳೆ ಸಿಗುವ ಕಡೆಗೇ ಹಣ ಹರಿದರೆ ಟೈರು, ಬಾಗಿಲು, ತಂತಿ, ಸಂಕೇತ ವ್ಯವಸ್ಥೆ ಸಾಲಿನ ಕೊನೆಗೆ ನಿಲ್ಲುತ್ತವೆ. 2018ರಲ್ಲಿ ಓಡುತ್ತಿರುವ ಕೆಂಪು ರೈಲಿನ ಬಾಗಿಲೊಂದು ತೆರೆದೇ ಇದ್ದ ದೃಶ್ಯವನ್ನು ಪ್ರಯಾಣಿಕರು ಚಿತ್ರೀಕರಿಸಿದಾಗ ಈ ಆತಂಕಕ್ಕೆ ಆಧಾರವಿದೆ ಎಂಬುದು ಎಲ್ಲರಿಗೂ ಕಂಡಿತು.

ಈಗ ರೈಲುಗಳ ವಯಸ್ಸಿಗೆ ಬರೋಣ. 1971ರಲ್ಲಿ ಬಂದ ಮಾರ್ಕ್ 4 ಎಂಬ ಮೊದಲ ತಲೆಮಾರಿನ ರೈಲುಗಳು ಸುಮಾರು ಎರಡು ದಶಕ ದುಡಿದವು. ಅವುಗಳಲ್ಲಿ ಎರಡು ಲಾಸ್ ವೇಗಸ್‌ಗೆ ಹೋಗಿ 1995ರಿಂದ ಅಲ್ಲಿನ ಎರಡು ಹೋಟೆಲುಗಳ ನಡುವೆ ಮತ್ತೆ ಓಡಿದವು. ಅವುಗಳ ಜಾಗಕ್ಕೆ 1989ರಿಂದ 1991ರೊಳಗೆ ಬಂದದ್ದು ಬೊಂಬಾರ್ಡಿಯರ್ ಕಂಪನಿ ತಯಾರಿಸಿದ ಮಾರ್ಕ್ 6. ಆರು ಬೋಗಿಗಳು, ಸುಮಾರು 62 ಮೀಟರ್ ಉದ್ದ, ನಿಂತು ಪ್ರಯಾಣಿಸುವಷ್ಟು ಎತ್ತರ, ಪ್ರತಿ ಬೋಗಿಯಲ್ಲಿ 20 ಮಂದಿ ಕೂತು 40 ಮಂದಿ ನಿಲ್ಲುವ ಲೆಕ್ಕದಲ್ಲಿ 360 ಜನರ ಸಾಮರ್ಥ್ಯ. ಅವು ಇಂದಿಗೂ ಓಡುತ್ತಿವೆ. ಅಂದರೆ ಮೊದಲ ತಲೆಮಾರಿಗಿಂತ ಹದಿನೈದು ವರ್ಷ ಹೆಚ್ಚು ದುಡಿದಿವೆ. ‘ಹೊಸ ರೈಲು ಯಾವಾಗ?’ ಎಂದು ಅಭಿಮಾನಿಗಳು ಪದೇ ಪದೇ ಕೇಳುವುದರ ಹಿಂದೆ ಈ ಲೆಕ್ಕವಿದೆ. ವರ್ಷಗಳಿಂದ ಹೊಸ ರೈಲಿನ ವದಂತಿಗಳು ಎದ್ದು ತಣ್ಣಗಾಗುತ್ತಲೇ ಇವೆ. ಬಂದದ್ದು ಹೊಸ ನೆಲ, ಹೊಸ ಆಸನ, ಹೊಸ ಬಣ್ಣ.

ಡಿಸ್ನಿಯಂಥ ಶ್ರೀಮಂತ ಕಂಪನಿ ಹೊಸ ರೈಲು ಕೊಂಡುಬಿಡಬಾರದೇ ಎಂದು ಕೇಳುವುದು ಸುಲಭ. ಕಷ್ಟ ಇರುವುದು ತೊಲೆಯಲ್ಲಿ. ಮಾಮೂಲಿ ರೈಲ್ವೆಯಲ್ಲಿ ಹಳಿಗಳ ಅಂತರ ಹಲವು ದೇಶಗಳಿಗೆ ಸಮಾನ. ಒಬ್ಬ ತಯಾರಕ ಕೈಬಿಟ್ಟರೆ ಇನ್ನೊಬ್ಬನಿಂದ ತರಿಸಬಹುದು. ಮೊನೊರೈಲಿನಲ್ಲಿ ಅಂಥ ಒಪ್ಪಿತ ಅಳತೆಯಿಲ್ಲ. ಒಂದು ತೊಲೆಗೆ ಹೊಂದುವಂತೆ ಮಾಡಿದ ರೈಲು ಇನ್ನೊಂದಕ್ಕೆ ಹೊಂದುವುದಿಲ್ಲ. ಬೊಂಬಾರ್ಡಿಯರ್ ಮುಂದೆ ಬ್ರೆಜಿಲ್‌ನ ಸಾವೊ ಪಾಲೊ, ಥಾಯ್ಲೆಂಡ್‌ನ ಬ್ಯಾಂಕಾಕ್ ಮುಂತಾದ ನಗರಗಳಿಗಾಗಿ ತಯಾರಿಸಿದ ಹೊಸ ಮಾದರಿಗೆ ಬೇಕಾದದ್ದು 69 ಸೆಂಟಿಮೀಟರ್ ಅಗಲದ ತೊಲೆ, ಫ್ಲೋರಿಡಾದ್ದು 66. ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕಾಗಿ 23 ಕಿಲೋಮೀಟರ್ ಕಾಂಕ್ರೀಟನ್ನು ಹೊಸದಾಗಿ ಎರಕ ಹೊಯ್ಯುವವರಿಲ್ಲ. ಆ ಬೊಂಬಾರ್ಡಿಯರ್ ರೈಲು ವಿಭಾಗವೂ 2021ರಲ್ಲಿ ಫ್ರಾನ್ಸಿನ ಆಲ್‌ಸ್ಟಾಮ್ ಪಾಲಾಯಿತು. ಮಾರ್ಕ್ 6ರ ಹತ್ತಿರದ ಸಂಬಂಧಿ ಎನ್ನಬಹುದಾದ ರೈಲುಗಳು 2004ರಿಂದ ಲಾಸ್ ವೇಗಸ್ ಮೊನೊರೈಲಿನಲ್ಲಿ ಓಡುತ್ತಿವೆ. ಅದನ್ನು ನಡೆಸುತ್ತಿದ್ದ ಕಂಪನಿ ಎರಡು ಸಲ ದಿವಾಳಿಯಾಗಿ, 2020ರಲ್ಲಿ ಅಲ್ಲಿನ ಪ್ರವಾಸೋದ್ಯಮ ಪ್ರಾಧಿಕಾರ ಅದನ್ನು ಕೊಂಡುಕೊಂಡಿತು. ಅಂಥ ರೈಲುಗಳು ಈಗ ತಯಾರಾಗುವುದಿಲ್ಲ. ತವರುಮನೆಯೇ ಮುಚ್ಚಿಹೋದ ಮಗಳ ಹಾಗೆ ಈ ರೈಲುಗಳು. ಕಷ್ಟ ಬಂದಾಗ ಹೋಗಿ ಕೇಳಲು ಯಾರೂ ಉಳಿದಿಲ್ಲ.

ತಯಾರಕನ ಆಸರೆ ತಪ್ಪಿದ ಮೊನೊರೈಲಿನ ಗತಿ ಏನಾಗುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮುಂಬೈ ಮೊನೊರೈಲು 2014ರಲ್ಲಿ ಶುರುವಾಯಿತು. ರೈಲುಗಳನ್ನು ಕೊಟ್ಟದ್ದು ಮಲೇಷ್ಯಾದ ಸ್ಕೋಮಿ. ಕೆಲವೇ ವರ್ಷಗಳಲ್ಲಿ ಬಿಡಿಭಾಗಗಳ ಕೊರತೆ ಕಾಡಿತು. 2017ರ ನವೆಂಬರಿನಲ್ಲಿ ಮೈಸೂರು ಕಾಲೊನಿ ನಿಲ್ದಾಣದಲ್ಲಿ ಬೋಗಿಗಳಿಗೆ ಬೆಂಕಿ ಬಿದ್ದು ಸೇವೆ ತಿಂಗಳುಗಟ್ಟಲೆ ನಿಂತಿತು. 2018ರ ಕೊನೆಗೆ ಸ್ಕೋಮಿಯ ಗುತ್ತಿಗೆಯೇ ರದ್ದಾಯಿತು. ಒಂದು ರೈಲಿನ ಭಾಗ ಬಿಚ್ಚಿ ಇನ್ನೊಂದಕ್ಕೆ ಜೋಡಿಸಿ ಓಡಿಸುವ ಸ್ಥಿತಿ ಬಂತು. 2025ರ ಆಗಸ್ಟ್ 19ರಂದು, ಭಾರಿ ಮಳೆಯಲ್ಲಿ ಬೇರೆ ಸಾರಿಗೆ ಅಸ್ತವ್ಯಸ್ತವಾಗಿ ಜನ ಮೊನೊರೈಲಿಗೆ ಮುಗಿಬಿದ್ದಾಗ, ಅದೇ ಮೈಸೂರು ಕಾಲೊನಿಯ ಹತ್ತಿರ ಒಂದು ರೈಲು ಎತ್ತರದಲ್ಲೇ ನಿಂತುಬಿಟ್ಟಿತು. 104 ಟನ್ ಹೊರಬೇಕಿದ್ದ ರೈಲಿನ ಭಾರ ಸುಮಾರು 109 ಟನ್‌ಗೆ ಏರಿ, ವಿದ್ಯುತ್ ಸಂಪರ್ಕ ಕಡಿದುಹೋಗಿತ್ತೆಂದು ಅಧಿಕಾರಿಗಳು ತಿಳಿಸಿದರು. 582 ಪ್ರಯಾಣಿಕರನ್ನು ಏಣಿಗಳ ಮೂಲಕ ಇಳಿಸಲಾಯಿತು. ಸೆಪ್ಟೆಂಬರ್ 20ರಿಂದ ಇಡೀ ಸೇವೆಯನ್ನೇ ನಿಲ್ಲಿಸಿ, ಹೈದರಾಬಾದಿನ ಮೇಧಾ ಕಂಪನಿ ತಯಾರಿಸಿದ ಹೊಸ ರೈಲುಗಳು ಮತ್ತು ಹೊಸ ಸಂಕೇತ ವ್ಯವಸ್ಥೆಯನ್ನು ಅಳವಡಿಸುವ ಕೆಲಸ ಕೈಗೆತ್ತಿಕೊಳ್ಳಬೇಕಾಯಿತು. ಮುಂಬೈ ಮತ್ತು ಫ್ಲೋರಿಡಾದ ಹಣಬಲ, ನಿರ್ವಹಣೆ, ಬಳಕೆ ಎಲ್ಲವೂ ಬೇರೆ. ಆದರೆ ಪಾಠ ಒಂದೇ: ಮೊನೊರೈಲು ಕೊಳ್ಳುವವರು ರೈಲನ್ನಷ್ಟೇ ಕೊಳ್ಳುವುದಿಲ್ಲ, ಮೂವತ್ತು ವರ್ಷದ ಬಿಡಿಭಾಗಗಳ ಹೊಣೆಯನ್ನೂ ಕೊಳ್ಳುತ್ತಾರೆ.

ಯೋಜನೆಯಿದ್ದರೆ ರೈಲುಗಳನ್ನು ಸಕಾಲದಲ್ಲಿ ಬದಲಿಸುವುದು ಸಾಧ್ಯವೆಂದು ತೋರಿಸಿದ್ದು ಡಿಸ್ನಿಯ ಹೆಸರೇ ಹೊತ್ತ ಇನ್ನೊಂದು ಮಾರ್ಗ. ಟೋಕಿಯೊ ಡಿಸ್ನಿ ರೆಸಾರ್ಟ್‌ನಲ್ಲಿ 2001ರ ಜುಲೈನಲ್ಲಿ 5 ಕಿಲೋಮೀಟರ್ ಉದ್ದದ ವರ್ತುಲ ಮೊನೊರೈಲು ಶುರುವಾಯಿತು. ಕಿಟಕಿಗಳು, ನಿಂತವರು ಹಿಡಿದುಕೊಳ್ಳುವ ಹಿಡಿಕೆಗಳು ಎಲ್ಲವೂ ಮಿಕ್ಕಿ ಮೌಸ್ ಆಕಾರದವು. ಆದರೆ ಜಪಾನಿನಲ್ಲಿ ಕಾನೂನಿನ ಕಣ್ಣಿಗೆ ಅದು ಅಪ್ಪಟ ರೈಲ್ವೆ. ಪ್ರಯಾಣಕ್ಕೆ ದರವಿದೆ, ರೈಲ್ವೆಗೆ ಅನ್ವಯಿಸುವ ನಿಯಮಗಳಿವೆ. ರೈಲು ತಯಾರಿಸಿದ ಹಿಟಾಚಿ 1964ರ ಟೋಕಿಯೊ ಮೊನೊರೈಲಿನ ಕಾಲದಿಂದಲೂ ಆಲ್ವೆಗ್ ಮಾದರಿಯನ್ನು ಬೆಳೆಸುತ್ತಾ ಬಂದ ಕಂಪನಿ. ಸುಮಾರು 20 ವರ್ಷ ತುಂಬುವ ಹೊತ್ತಿಗೆ, 2020ರ ಜುಲೈನಿಂದ, ಅಲ್ಲಿ ಹೊಸ ರೈಲುಗಳು ಒಂದೊಂದಾಗಿ ಹಳೆಯವುಗಳ ಜಾಗಕ್ಕೆ ಬರತೊಡಗಿದವು. ಹಳೆಯವು ಕೆಟ್ಟು ನಿಲ್ಲುವವರೆಗೆ ಅವರು ಕಾಯಲಿಲ್ಲ. ಮಿಕ್ಕಿ ಕಿಟಕಿಯ ಮೋಜನ್ನೂ ಬಿಟ್ಟುಕೊಡಲಿಲ್ಲ. ಮೋಜು ಮತ್ತು ಶಿಸ್ತು ಒಂದಕ್ಕೊಂದು ವೈರಿಗಳಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ನನ್ನ ವಾದಕ್ಕೆ ಹಲವು ಆಕ್ಷೇಪಗಳಿವೆ, ಹಗುರವಾಗಿ ತಳ್ಳಿಹಾಕುವಂಥವಲ್ಲ. ಮೊದಲನೆಯದು, ಹಳೆಯದೆಂಬ ಒಂದೇ ಕಾರಣಕ್ಕೆ ರೈಲು ಬದಲಿಸಬೇಕಿಲ್ಲ ಎಂಬುದು. ಸಿಯಾಟಲ್ ನಗರದ ಮೊನೊರೈಲು 1962ರ ವಿಶ್ವಮೇಳಕ್ಕೆಂದು ಆಲ್ವೆಗ್ ಕೊಟ್ಟ ಅದೇ ಎರಡು ರೈಲುಗಳನ್ನು ಇಂದಿಗೂ ಓಡಿಸುತ್ತಿದೆ. ಬ್ಯಾಂಕಾಕ್‌ನಲ್ಲಿ 2023ರಲ್ಲಷ್ಟೇ ತೆರೆದ ಹಳದಿ ಮಾರ್ಗದಲ್ಲಿ 2024ರ ಜನವರಿಯ ಆರಂಭದಲ್ಲೇ ರೈಲಿನ ಚಕ್ರವೊಂದು ಕಳಚಿ ಕೆಳಗಿನ ಟ್ಯಾಕ್ಸಿಯ ಮೇಲೆ ಬಿತ್ತು. ಹೊಸದೆಂದರೆ ಸುರಕ್ಷಿತ, ಹಳೆಯದೆಂದರೆ ಅಪಾಯ ಎಂಬ ಸಮೀಕರಣ ನಿಲ್ಲುವುದಿಲ್ಲ ಎಂಬ ಮಾತು ನಿಜ. ಆದರೆ ಈ ಎರಡೂ ಉದಾಹರಣೆಗಳು ನನ್ನ ವಾದವನ್ನೇ ಗಟ್ಟಿಗೊಳಿಸುತ್ತವೆ. ನಿರ್ಣಾಯಕವಾದದ್ದು ರೈಲಿನ ಜನ್ಮವರ್ಷ ಅಲ್ಲ, ಕಣ್ಣಿಗೆ ಕಾಣದ ಭಾಗಗಳ ಮೇಲಿನ ನಿಗಾ. ಸಿಯಾಟಲ್‌ನದು ಎರಡೇ ನಿಲ್ದಾಣ, ಒಂದೂವರೆ ಕಿಲೋಮೀಟರ್ ದಾರಿ. ಅಲ್ಲಿಯೂ 2004ರಲ್ಲಿ ಬೆಂಕಿ, 2005ರಲ್ಲಿ ಎರಡು ರೈಲುಗಳ ಉಜ್ಜಾಟ ನಡೆದು, ದೊಡ್ಡ ದುರಸ್ತಿಗಳ ಮೇಲೇ ಆ ರೈಲುಗಳು ಉಳಿದಿವೆ. 12 ರೈಲು, ಮೂರು ಮಾರ್ಗ, ದಿನವಿಡೀ ಜನಸಂದಣಿ ಇರುವ ಫ್ಲೋರಿಡಾಕ್ಕೆ ಆ ದಾರಿ ಹಿಡಿಯಬೇಕಿದ್ದರೆ ಒಳಗಿನದನ್ನೆಲ್ಲ ಬದಲಿಸುವ ಆಮೂಲಾಗ್ರ ನವೀಕರಣವೇ ಬೇಕು. ಅದೂ ನನಗೆ ಒಪ್ಪಿಗೆ. ಆದರೆ ಅದಕ್ಕೂ ಒಂದು ಯೋಜನೆ, ಒಂದು ಗಡುವು ಇರಬೇಕು.

ಎರಡನೆಯ ಆಕ್ಷೇಪ, ಮೊನೊರೈಲಿನ ಕಾಲವೇ ಮುಗಿಯಿತು, ತೆಗೆದುಹಾಕಿ ಎಂಬುದು. 2019ರ ಸೆಪ್ಟೆಂಬರ್ 29ರಂದು ಡಿಸ್ನಿ ವರ್ಲ್ಡ್ ಹಗ್ಗದ ಮೇಲೆ ತೂಗಾಡುತ್ತ ಸಾಗುವ ಸ್ಕೈಲೈನರ್ ಶುರು ಮಾಡಿದ್ದು ಈ ವಾದಕ್ಕೆ ಬಲ ಕೊಟ್ಟಿತು. ಸ್ಕೈಲೈನರ್ ಒಳ್ಳೆಯ ವ್ಯವಸ್ಥೆಯೇ. ಆದರೆ ಸಿಡಿಲಿನ ಊರಾದ ಫ್ಲೋರಿಡಾದಲ್ಲಿ ಮಿಂಚು ಹತ್ತಿರ ಬಂದಾಗಲೆಲ್ಲ ಅದನ್ನು ನಿಲ್ಲಿಸಬೇಕು. ಶುರುವಾದ ಒಂದೇ ವಾರದಲ್ಲಿ ಅದೂ ಕೆಟ್ಟು ಜನ ಮೂರು ಗಂಟೆಗೂ ಹೆಚ್ಚು ಕಾಲ ಗಾಳಿಯಲ್ಲಿ ಸಿಕ್ಕಿಕೊಂಡಿದ್ದರು. ಬಸ್ಸುಗಳಿಗೆ ರಸ್ತೆ ಬೇಕು, ಚಾಲಕರು ಬೇಕು. ಬಾಣಬಿರುಸು ಮುಗಿದೊಡನೆ ಸಾವಿರಾರು ಜನ ಒಮ್ಮೆಗೇ ಹೊರಬೀಳುವ ಹೊತ್ತಿನಲ್ಲಿ, ಒಂದು ಸಲಕ್ಕೆ 360 ಮಂದಿಯನ್ನು ಹೊತ್ತು ಸರೋವರದ ದಡ ಬಳಸಿ ಸಾಗುವ ದಾರಿಯೊಂದು ಸಿದ್ಧವಾಗಿರುವಾಗ ಅದನ್ನು ಕೆಡವುವುದು ವಿವೇಕವಲ್ಲ. ತೊಲೆಗಳ ಮೇಲಿನ ಹೂಡಿಕೆ ಆಗಲೇ ಆಗಿಹೋಗಿದೆ. ಹೋಟೆಲುಗಳು ಅದನ್ನು ನಂಬಿಯೇ ನಿಂತಿವೆ.

ಮೂರನೆಯ ಆಕ್ಷೇಪ ಹಣಕ್ಕೆ ಸಂಬಂಧಿಸಿದ್ದು: ಟಿಕೆಟ್ಟೇ ಇಲ್ಲದ ಸೇವೆಗೆ ಖಾಸಗಿ ಕಂಪನಿ ಎಷ್ಟು ಸುರಿಯಬೇಕು, ಅದನ್ನು ಕೇಳುವ ಹಕ್ಕು ಯಾರಿಗಿದೆ? ಪ್ರಯಾಣ ಉಚಿತ ಎಂಬುದು ಮೇಲುನೋಟದ ಮಾತು. ಮೊನೊರೈಲಿನ ದಾರಿಯಲ್ಲಿರುವ ಹೋಟೆಲುಗಳ ಕೋಣೆಗೆ ಹೆಚ್ಚು ಬಾಡಿಗೆ ತೆರಲು ಜನ ಒಪ್ಪುವುದು ಆ ರೈಲಿನ ಕಾರಣಕ್ಕೂ ಹೌದು. ಉದ್ಯಾನದ ಪ್ರವೇಶ ದರದಲ್ಲೂ ಅದರ ಪಾಲಿದೆ. ಜೊತೆಗೆ, ಅಪರಿಚಿತರನ್ನು ನೆಲದಿಂದ ಮೇಲೆ ಎತ್ತಿ ಒಯ್ಯುವ ವಾಹನ ಯಾರ ಸ್ವತ್ತಾದರೂ ಅದರ ಸುರಕ್ಷೆ ಸಾರ್ವಜನಿಕ ವಿಷಯವೇ. ದಶಕಗಳ ಕಾಲ ಡಿಸ್ನಿ ತನ್ನ ಮೊನೊರೈಲನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತಿತ್ತು. 2023ರಲ್ಲಿ ಫ್ಲೋರಿಡಾ ಕಾನೂನು ತಂದು ರಾಜ್ಯದ ಸಾರಿಗೆ ಇಲಾಖೆಗೆ ತಪಾಸಣೆಯ ಅಧಿಕಾರ ಕೊಟ್ಟಿತು. ರಾಜ್ಯಪಾಲ ರಾನ್ ಡಿಸಾಂಟಿಸ್ ಮತ್ತು ಡಿಸ್ನಿ ನಡುವಿನ ರಾಜಕೀಯ ಜಗಳದ ಬಿಸಿಯಲ್ಲಿ ಆ ಕಾನೂನು ಬಂತೆಂಬುದು ಗುಟ್ಟಲ್ಲ, ಆ ಉದ್ದೇಶವನ್ನು ಟೀಕಿಸಲು ಕಾರಣಗಳಿವೆ. ಆದರೂ ಹೊರಗಿನ ತಪಾಸಣೆ ಎಂಬ ತತ್ತ್ವ ಸರಿಯಾದದ್ದು. ಜಪಾನ್ ಅದನ್ನು ಜಗಳವಿಲ್ಲದೆ, ಮೊದಲ ದಿನದಿಂದಲೇ ಪಾಲಿಸಿದೆ.

ಕೊನೆಯದು ಭಾವನೆಯ ಆಕ್ಷೇಪ. ಅದೇ ಬಿಳಿ ಮೈ, ಅದೇ ದನಿ, ಹೋಟೆಲಿನೊಳಗೆ ನುಗ್ಗುವ ಅದೇ ಕ್ಷಣ ಇವೇ ಈ ಉದ್ಯಾನದ ಜೀವ, ಬದಲಾಯಿಸಬೇಡಿ ಎನ್ನುವವರಿದ್ದಾರೆ. ಈ ಮಾತಿನ ಬಗ್ಗೆ ನನಗೆ ಗೌರವವಿದೆ. ಮಗುವಾಗಿದ್ದಾಗ ಬಂದವರು ತಮ್ಮ ಮಕ್ಕಳನ್ನು ಕರೆತಂದಾಗ ಅದೇ ರೈಲು ಕಾಣಬೇಕೆಂದು ಬಯಸುವುದು ಸಹಜ. ಆದರೆ ರೂಪ ಉಳಿಸುವುದಕ್ಕೂ ಯಂತ್ರ ಉಳಿಸುವುದಕ್ಕೂ ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2008ರಲ್ಲಿ ತಂದ ಮಾರ್ಕ್ 7 ರೈಲುಗಳಿಗೆ 1959ರ ಮೊದಲ ರೈಲಿನ ಚೆಲುವನ್ನು ನೆನಪಿಸುವ ರೂಪ ಕೊಟ್ಟರು, ಹಳಬರು ಮೆಚ್ಚಿದರು. ಆದರೆ ಅವುಗಳಲ್ಲಿ ಹವಾನಿಯಂತ್ರಣವಿಲ್ಲ. ಬಿಸಿಲು ಏರಿದ ದಿನಗಳಲ್ಲಿ ಸೇವೆ ನಿಲ್ಲಿಸಬೇಕಾದ ಸಂದರ್ಭಗಳು ಬಂದವು. ಚೆಂದವನ್ನು ಮೊದಲಿಟ್ಟು ಬಳಕೆಯನ್ನು ಹಿಂದಿಟ್ಟರೆ ಹೊಸ ರೈಲೂ ಅರ್ಧ ರೈಲೇ ಆಗುತ್ತದೆ. ಹಳೆಯ ದನಿ, ಹಳೆಯ ಬಣ್ಣದ ಪಟ್ಟಿ, ಹಳೆಯ ಮೂತಿಯ ಬಾಗು ಎಲ್ಲವನ್ನೂ ಹೊಸ ರೈಲಿನ ಮೇಲೆ ಉಳಿಸಬಹುದು. ಹಳೆಯ ಬಾಗಿಲಿನ ಯಂತ್ರವನ್ನು ಮಾತ್ರ ಭಾವನೆಯ ಹೆಸರಿನಲ್ಲಿ ಉಳಿಸಲಾಗದು.

ಹಾಗಾದರೆ ಅಭಿಮಾನಿಗಳ ಚರ್ಚೆಗೆ ಏನು ಬೆಲೆ? ಅವರು ಎಂಜಿನಿಯರುಗಳಲ್ಲ, ಕಾಣುವ ಆಸನವನ್ನಷ್ಟೇ ನೋಡುತ್ತಾರೆ ಎಂಬ ಟೀಕೆ ಇದೆ. ನಾನು ಅವರನ್ನು ಒಂದು ದೊಡ್ಡ ಆಸ್ತಿ ಎಂದೇ ಎಣಿಸುತ್ತೇನೆ. ಯಾವ ರೈಲು ಯಾವಾಗ ಸೇವೆಯಿಂದ ಹೊರಗೆ ಹೋಯಿತು, ಎಷ್ಟು ಕಾಲ ನಿಂತಿತು, ಯಾವ ಬಾಗಿಲು ತಡವಾಗಿ ಮುಚ್ಚುತ್ತದೆ ಎಂದು ಪ್ರೀತಿಯಿಂದ, ಸಂಬಳವಿಲ್ಲದೆ ದಾಖಲಿಸುವ ಇಷ್ಟು ಕಣ್ಣುಗಳು ಎಷ್ಟೋ ನಗರಗಳ ಮೆಟ್ರೊಗೂ ಇಲ್ಲ. 2018ರ ತೆರೆದ ಬಾಗಿಲು ಜಗತ್ತಿಗೆ ಕಂಡದ್ದೂ ಪ್ರಯಾಣಿಕರ ಕ್ಯಾಮೆರಾದಿಂದಲೇ. ಆ ಗಮನ ಬಣ್ಣದಾಚೆಗೆ ಸರಿಯಬೇಕು ಎಂಬುದಷ್ಟೇ ನನ್ನ ಕೋರಿಕೆ. ಕೇಳಬೇಕಾದ ಪ್ರಶ್ನೆಗಳು ಇವು: ಮಾರ್ಕ್ 6 ರೈಲುಗಳು ಯಾವ ವರ್ಷದವರೆಗೆ ಓಡಲಿವೆ? 66 ಸೆಂಟಿಮೀಟರ್ ತೊಲೆಗೆ ಹೊಂದುವ ಹೊಸ ರೈಲನ್ನು ಯಾರು ತಯಾರಿಸುತ್ತಾರೆ? ಅಲ್ಲಿಯವರೆಗೆ ಬಿಡಿಭಾಗ ಎಲ್ಲಿಂದ ಬರುತ್ತದೆ? ತಪಾಸಣೆಯ ವರದಿ ಸಾರ್ವಜನಿಕರಿಗೆ ಸಿಗುತ್ತದೆಯೇ? ಈ ನಾಲ್ಕಕ್ಕೆ ಲಿಖಿತ ಉತ್ತರ ಇರುವ ಸಂಸ್ಥೆ ಆಸನಕ್ಕೆ ಯಾವ ಬಣ್ಣ ಹಚ್ಚಿದರೂ ಚಿಂತೆಯಿಲ್ಲ. ಉತ್ತರವಿಲ್ಲದ ಸಂಸ್ಥೆ ಹಚ್ಚುವ ಪ್ರತಿ ಹೊಸ ಬಣ್ಣದ ಹಿಂದೆ ಮುಂದೂಡಿದ ಒಂದು ಕೆಲಸವಿದೆಯೇ ಎಂದು ಕೇಳುವ ಹಕ್ಕು ಪ್ರತಿ ಪ್ರಯಾಣಿಕನಿಗಿದೆ. ಆ ಹಕ್ಕನ್ನು ಮೊದಲು ಚಲಾಯಿಸಬೇಕಾದವರು ಆ ರೈಲನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೇ.